ಗುಡುಗು ಸಿಸ್ಟರ್ ಮತ್ತು ಕಂಟ್ರೋಲ್ ಗುಂಪು

ಗುಡುಗು ಸಿಸ್ಟರ್ ಜೊತೆ ಒಂದೇ ಕೋಣೆಯಲ್ಲಿ ಕೆಲಸ ಮಾಡಿದವರನ್ನು ಯಾರಾದರೂ ಕರೆದು ಸನ್ಮಾನ ಮಾಡಬೇಕು. ಮಾಡುವುದಾದರೆ ಸಾಲಿನಲ್ಲಿ ಮೊದಲು ನಿಲ್ಲುವವಳು ನಾನೇ. ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಆಸ್ಪತ್ರೆಯ ಗೇಟು ಕಾಯುವವನಿಂದ ಹಿಡಿದು ನಮ್ಮ ದೊಡ್ಡ ಮೇಡಂವರೆಗೆ ಎಲ್ಲರಿಗೂ ಆಕೆ ಗುಡುಗು ಸಿಸ್ಟರ್. ಮೇಡಂ ಮಾತ್ರ ಆಕೆಯ ಎದುರಿಗೆ ಹಾಗೆ ಕರೆಯುತ್ತಿರಲಿಲ್ಲ, ಅಷ್ಟೇ. ನನಗೆ ಆಕೆ ಇಟ್ಟ ಹೆಸರು ಸೂಜಿ. ರಕ್ತ ತೆಗೆಯುವುದು ನನ್ನ ಕೆಲಸ ಎಂಬುದು ಒಂದು ಕಾರಣ. ನನ್ನ ಮಾತೂ ಚುಚ್ಚುತ್ತದೆ ಎಂಬುದು ಇನ್ನೊಂದು. ಹೇಳುವವರು ಯಾರು ನೋಡಿ!

ಆಕೆ ಅರ್ಧ ಆಯಸ್ಸು ಕಳೆದದ್ದು ಹೆರಿಗೆ ಕೋಣೆಯಲ್ಲಿ. ನೋವಿನಿಂದ ಕಿರುಚುವ ಹೆಂಗಸಿಗೆ "ಮುಕ್ಕಮ್ಮ, ಮುಕ್ಕು!" ಎಂದು ಅವಳ ಕಿರುಚಾಟಕ್ಕಿಂತ ಮೇಲೆ ಕೇಳಿಸುವಂತೆ ಹೇಳಿ ಹೇಳಿ ಗಂಟಲು ಅದೇ ಅಳತೆಗೆ ನಿಂತುಬಿಟ್ಟಿತ್ತು. ಸೊಂಟ ನೋವು ಶುರುವಾದ ಮೇಲೆ ಆಕೆಯನ್ನು ನಮ್ಮ ಸಂಶೋಧನೆಯ ಕೋಣೆಗೆ ಹಾಕಿದರು. ಕೂತು ಮಾಡುವ ಕೆಲಸ ಎಂದಿದ್ದರಂತೆ. ಆಕೆ ಕೂತದ್ದನ್ನು ನಾನಂತೂ ನೋಡಲಿಲ್ಲ. ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ಗಂಡ, ಪಾಪದ ಮನುಷ್ಯ, ಕಿವಿ ಮಂದ. ಮದುವೆಗೆ ಮುಂಚೆಯೇ ಮಂದವಿತ್ತೋ ಆಮೇಲೆ ಆಯಿತೋ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಹೆಂಡತಿ ಮನೆಗೆ ಬರುವ ಹೊತ್ತಿಗೆ ಸರಿಯಾಗಿ ಅವರು ಕಿವಿಯ ಯಂತ್ರ ತೆಗೆದು ಡಬ್ಬಿಗೆ ಹಾಕಿಡುತ್ತಾರಂತೆ. ಇದನ್ನು ಹೇಳಿದ್ದು ಸ್ವತಃ ಆಕೆಯೇ, ನಗುತ್ತಾ. ತನ್ನ ಬಾಯಿಯ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆಯಿತ್ತು.

ನಮ್ಮ ಸಂಶೋಧನೆ ಬಸುರಿಯರ ಸಕ್ಕರೆ ಕಾಯಿಲೆಯ ಮೇಲೆ. ಮೊದಲು ಸಕ್ಕರೆಯ ತೊಂದರೆಯೇ ಇಲ್ಲದ ಕೆಲವರಿಗೆ ಬಸುರಾದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಅಷ್ಟರೊಳಗೆ ಹಿಡಿತದಲ್ಲಿ ಇಡದಿದ್ದರೆ ಮಗು ಅತಿಯಾಗಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಕೆಲವು ಸಲ ಮಗು ಉಳಿಯುವುದೇ ಇಲ್ಲ. ಅಂಥ ಹೆಂಗಸರ ಮನೆಗೆ ಸಕ್ಕರೆ ನೋಡಿಕೊಳ್ಳುವ ಪುಟ್ಟ ಯಂತ್ರ ಕೊಟ್ಟು, ವಾರವಾರ ಫೋನ್ ಮಾಡಿ ಊಟ ತಿಂಡಿ ವಿಚಾರಿಸಿದರೆ ಹೆಚ್ಚು ಲಾಭವಾಗುತ್ತದೆಯೇ ಎಂದು ನೋಡುವುದು ದೊಡ್ಡ ಮೇಡಂ ಯೋಚನೆ. ಅರ್ಧ ಜನಕ್ಕೆ ಈ ಉಪಚಾರ. ಉಳಿದರ್ಧ ಜನಕ್ಕೆ ಹೊಸದೇನೂ ಇಲ್ಲ. ಹೊರರೋಗಿ ವಿಭಾಗದ ಡಾಕ್ಟರು ಎಂದಿನಂತೆ ಹೇಳುವ ಪಥ್ಯ, ನಡಿಗೆ, ಮಾತ್ರೆ. ಹೋಲಿಸಿ ನೋಡಲು ಒಂದು ಗುಂಪು ಬೇಕಲ್ಲ, ಅದಕ್ಕೆ. ಯಾರು ಯಾವ ಗುಂಪು ಎಂಬುದು ಮುಚ್ಚಿದ ಲಕೋಟೆ ಒಡೆದ ಮೇಲಷ್ಟೇ ತಿಳಿಯುತ್ತಿತ್ತು.

ಹೇಳುವುದಕ್ಕೆ ಎಷ್ಟು ಚೆನ್ನಾಗಿದೆ! ಮಾಡುವವರಿಗೆ ಗೊತ್ತು ಪಾಡು. ನಮಗೆ ಕೊಟ್ಟದ್ದು ಹಳೆಯ ಉಗ್ರಾಣ. ಇದ್ದ ಒಂದೇ ಕಿಟಕಿ ಲಿಫ್ಟಿನ ಗೋಡೆಗೆ ತೆರೆದುಕೊಳ್ಳುತ್ತಿತ್ತು. ಒಳಗೆ ಒಂದು ಫ್ರಿಜ್ಜು, ತೂಕದ ಯಂತ್ರ, ಉದ್ದ ಬೆಂಚು, ಮೂಲೆಯಲ್ಲಿ ಬಕೆಟ್ಟು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದ ಹೆಂಗಸರಿಗೆ ನಾನು ಒಂದು ಸಲ ರಕ್ತ ತೆಗೆಯಬೇಕು. ಆಮೇಲೆ ಸಿಸ್ಟರ್ ಲೋಟದ ತುಂಬ ಗ್ಲುಕೋಸ್ ನೀರು ಕುಡಿಸಬೇಕು. ಒಂದು ಗಂಟೆ ಬಿಟ್ಟು ಮತ್ತೆ ರಕ್ತ, ಇನ್ನೊಂದು ಗಂಟೆ ಬಿಟ್ಟು ಮತ್ತೆ ರಕ್ತ. ಮೊದಲೇ ವಾಂತಿಯ ದಿನಗಳು, ಮೇಲೆ ಆ ಹಾಳು ಸಿಹಿ ನೀರು. ಬಕೆಟ್ಟು ಸುಮ್ಮನೆ ಇಟ್ಟದ್ದಲ್ಲ. ವಾಂತಿಯಾದರೆ ಇನ್ನೊಂದು ದಿನ ಎಲ್ಲ ಮೊದಲಿನಿಂದ.

"ಏನೂ ತಿಂದಿಲ್ಲ ತಾನೆ?" ಎಂದು ಸಿಸ್ಟರ್ ಕೇಳುವುದು.

"ಇಲ್ಲ ಸಿಸ್ಟರ್, ಏನೂ ತಿಂದಿಲ್ಲ. ಟೀ ಬಿಸ್ಕತ್ತು ಅಷ್ಟೇ."

"ಅಷ್ಟೇ? ಅಷ್ಟೇ ಅಂತೆ ಕೇಳೇ ಸೂಜಿ! ಬಿಸ್ಕತ್ತು ತಿನ್ನೋದಲ್ಲ, ಮೂಸೋದು ಅನ್ಕೊಂಡಿದಾಳೆ! ಏಳಮ್ಮ ಮೇಲೆ, ನಾಳೆ ಬಾ!"

ಆ ಹೆಂಗಸು ಎರಡು ಬಸ್ಸು ಬದಲಿಸಿ ಬಂದವಳು. ಕಣ್ಣು ತುಂಬಿಕೊಂಡು ಎದ್ದು ಹೋಗುತ್ತಿದ್ದಳು. ನಾನು ಸಿಸ್ಟರ್ ಮುಖ ನೋಡುತ್ತಿದ್ದೆ. "ನನ್ನ ಮುಖ ಏನ್ ನೋಡ್ತೀಯ, ನಾನೇನು ತಪ್ಪು ಹೇಳಿದೆ?" ಎಂದು ನನಗೂ ಒಂದು ಬೀಳುತ್ತಿತ್ತು. ತಪ್ಪು ಹೇಳಿರಲಿಲ್ಲ, ನಿಜ. ಆದರೆ ಯಾವ ಮಾತನ್ನೂ ಎರಡನೇ ಸಲ ಹೇಳುವ ತಾಳ್ಮೆ ಆಕೆಗೆ ಇರಲಿಲ್ಲ. ಯಾರಾದರೂ "ಏನಂದ್ರಿ?" ಎಂದು ಕೇಳಿದರೆ ಸಾಕು, ಉರಿದುಬೀಳುತ್ತಿದ್ದಳು.

ಇನ್ನು ಒಪ್ಪಿಗೆ ಪತ್ರದ ಕಥೆ. ಅದನ್ನು ಕನ್ನಡಕ್ಕೆ ತಂದ ಪಂಡಿತರು ಯಾರೋ, ಸಿಕ್ಕಿದ್ದರೆ ಕೂರಿಸಿ ಗ್ಲುಕೋಸ್ ನೀರು ಕುಡಿಸುತ್ತಿದ್ದೆ. ಫೋನ್ ಮಾಡಿ ವಿಚಾರಿಸುವ ಗುಂಪಿಗೆ ಅವರು ಕೊಟ್ಟ ಹೆಸರು ಮಧ್ಯಪ್ರವೇಶ ಗುಂಪು. ಹೋಲಿಕೆಗೆ ಇಟ್ಟ ಗುಂಪು ನಿಯಂತ್ರಣ ಗುಂಪು. ಓದಿದ ಹೆಂಗಸರು ತಲೆಬುಡ ತಿಳಿಯದೆ ನಮ್ಮನ್ನೇ ಕೇಳುತ್ತಿದ್ದರು. "ಯಾರ ಮಧ್ಯೆ ಪ್ರವೇಶ ಮಾಡ್ಬೇಕು ಸಿಸ್ಟರ್?" ಎಂದು ಒಬ್ಬಳು ನಿಜವಾಗಿಯೂ ಕೇಳಿದಳು. ಇನ್ನೊಬ್ಬಳ ಗಂಡ ಪತ್ರ ಹಿಡಿದುಕೊಂಡು ಕೋಣೆಗೇ ನುಗ್ಗಿದ. "ಏನ್ರೀ ಇದು? ನನ್ನ ಹೆಂಡ್ತೀನ ನಿಯಂತ್ರಣಕ್ಕೆ ಹಾಕಿದೀರಂತೆ? ಬಸುರಿ ಹೆಂಗಸಿಗೆ ಸಂತಾನ ನಿಯಂತ್ರಣ ಯಾಕ್ರೀ? ನಮಗೆ ಇದು ಮೊದಲನೇ ಮಗು!" ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನಮಗೆ ಸಾಕುಬೇಕಾಯಿತು. ಸಂತಾನವೂ ಅಲ್ಲ, ನಿಯಂತ್ರಣವೂ ಅಲ್ಲ ಎಂದರೆ ಮತ್ತೆ ಹಾಗೆ ಯಾಕೆ ಬರೆದಿದ್ದೀರಿ ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ.

ಆವತ್ತಿನಿಂದ ಸಿಸ್ಟರ್ ಆ ಎರಡೂ ಪದಗಳನ್ನು ಗಾಳಿಗೆ ತೂರಿದಳು. "ಫೋನ್ ಗುಂಪು, ಕಂಟ್ರೋಲ್ ಗುಂಪು. ಮುಗೀತು. ಯಾರಿಗೂ ತಲೆನೋವಿಲ್ಲ" ಎಂದಳು. ದೊಡ್ಡ ಮೇಡಂ ಕೂಡ ಮಾತಿಗೆ ಮುಂಚೆ ಕಂಟ್ರೋಲ್ ಎನ್ನುವವರೇ, ಒಪ್ಪಿದರು. ಕಡತದ ರಟ್ಟಿನ ಮೇಲೆ ಅಂಟಿಸಲು ಚೀಟಿಗಳೂ ಬಂದವು, ಫೋನ್ ಗುಂಪಿಗೆ ನೀಲಿ, ಕಂಟ್ರೋಲ್‌ಗೆ ಹಸಿರು. ಹಸಿರು ಬಣ್ಣ ಆರಿಸಿದ ಪುಣ್ಯಾತ್ಮರು ಯಾರು ಎಂದು ಈಗ ಕೇಳಿದರೆ ಯಾರೂ ಬಾಯಿಬಿಡುವುದಿಲ್ಲ.

ಆಸ್ಪತ್ರೆಯ ಎದುರಿಗೆ, ರಸ್ತೆ ದಾಟಿದರೆ ಒಂದು ಜೆರಾಕ್ಸ್ ಅಂಗಡಿ. ಅತ್ತೆ ಸೊಸೆ ಇಬ್ಬರೇ ನಡೆಸುತ್ತಿದ್ದರು. ಮಗ ಲಾರಿ ಓಡಿಸುವವನು, ಮನೆಯಲ್ಲಿ ಇರುವುದಕ್ಕಿಂತ ದಾರಿಯಲ್ಲಿ ಇದ್ದದ್ದೇ ಹೆಚ್ಚು. ಅತ್ತೆಯನ್ನು ಎಲ್ಲರೂ ಜೆರಾಕ್ಸಮ್ಮ ಎನ್ನುತ್ತಿದ್ದರು. ನಮ್ಮ ಕಾಗದಗಳೆಲ್ಲ ಅಲ್ಲೇ ಪ್ರತಿಯಾಗಬೇಕು. ಸೊಸೆ ಸಣ್ಣ ವಯಸ್ಸಿನ ಹುಡುಗಿ, ಮಾತು ಕಡಿಮೆ, ಯಂತ್ರದ ಮುಚ್ಚಳ ಎತ್ತಿ ಇಳಿಸುತ್ತಾ ತನ್ನ ಪಾಡಿಗೆ ನಗುತ್ತಿರುತ್ತಿದ್ದಳು. ಅವಳ ಮೊದಲ ಮಗು ದಿನ ತುಂಬಿದ ಮೇಲೆ ಹೊಟ್ಟೆಯಲ್ಲೇ ಹೋಗಿತ್ತು. ದೊಡ್ಡ ಮಗು. ಆಗ ಬೇರೆಲ್ಲೋ ತೋರಿಸಿದ್ದರು, ಸಕ್ಕರೆಯನ್ನು ಯಾರೂ ನೋಡಿರಲಿಲ್ಲ. ಆಮೇಲೆ ಬಹಳ ದಿನ ಆ ಹುಡುಗಿ ಅಂಗಡಿಗೆ ಬರಲಿಲ್ಲ. ಬಂದಾಗ ಜೆರಾಕ್ಸಮ್ಮ ಅವಳನ್ನು ಕುರ್ಚಿಯಲ್ಲಿ ಕೂರಿಸಿ ತಾನೇ ಎಲ್ಲ ಕೆಲಸ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವಳು ಮತ್ತೆ ಬಸುರಿಯಾದಾಗ ನಮ್ಮ ಕೋಣೆಗೇ ಬಂದಳು. ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. ಅತ್ತೆ ಬಾಗಿಲಲ್ಲೇ ಕುಸಿದು ಕೂತರು.

"ಸಿಸ್ಟರಮ್ಮ, ಈ ಸಲ ಮಗೂನ ಉಳಿಸ್ಕೊಡಿ. ನೀವು ಏನ್ ಹೇಳಿದ್ರೂ ಮಾಡ್ತೀವಿ."

"ಉಳಿಯತ್ತೆ, ಉಳಿಯತ್ತೆ. ಮೊದ್ಲು ದಾರಿ ಬಿಡಿ, ಬಕೆಟ್ ತರ್ಬೇಕು."

ಸಂಶೋಧನೆಗೆ ಸೇರುತ್ತೀಯಾ ಎಂದು ಪತ್ರ ಕೊಟ್ಟರೆ ಹುಡುಗಿ ಓದದೆಯೇ ಸಹಿ ಮಾಡಲು ಹೊರಟಳು. "ಓದಮ್ಮ" ಎಂದೆ ನಾನು. "ಇದನ್ನ ನೂರಾರು ಸಲ ನಾನೇ ಹೊಡ್ದಿದೀನಲ್ಲ ಅಕ್ಕ" ಎಂದಳು. ಜೆರಾಕ್ಸ್ ಹೊಡೆಯುವುದಕ್ಕೂ ಓದುವುದಕ್ಕೂ ಏನು ಸಂಬಂಧ? ಆದರೂ ಓದಿದಂತೆ ಮಾಡಿದಳು, ಸಹಿ ಹಾಕಿದಳು. ಬೆಂಚಿನ ಮೇಲೆ ಜನ ಕಾಯುತ್ತಿದ್ದರು, ಅವರಲ್ಲಿ ಒಬ್ಬಳು ಆಗಲೇ ವಾಂತಿಗೆ ಬಗ್ಗಿದ್ದಳು. ಸಿಸ್ಟರ್ ಒಂದು ಕೈಯಲ್ಲಿ ಬಕೆಟ್ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಲಕೋಟೆ ಒಡೆದಳು.

"ನೀನು ಕಂಟ್ರೋಲ್. ಹೋಗು."

"ಕಂಟ್ರೋಲಾ ಸಿಸ್ಟರ್?"

"ಹೌದಮ್ಮ, ಕಂಟ್ರೋಲ್! ಎಷ್ಟು ಸಲ ಹೇಳ್ಬೇಕು? ಮುಂದಿನವರು ಬನ್ನಿ!"

ಹುಡುಗಿ ಇನ್ನೇನೋ ಕೇಳುವವಳಂತೆ ಒಂದು ಕ್ಷಣ ನಿಂತಳು. ಅಷ್ಟರಲ್ಲಿ ಅತ್ತೆ ಅವಳ ಎರಡೂ ಕೈ ಹಿಡಿದುಕೊಂಡರು. ಮುಖ ಅರಳಿತ್ತು. ಇಬ್ಬರೂ ಹೊರಗೆ ಹೋದರು. ಅಲ್ಲಿಯವರೆಗೆ ಕಂಟ್ರೋಲ್ ಬಂದವರಲ್ಲಿ ಎಷ್ಟೋ ಜನ ಯಂತ್ರ ಸಿಗಲಿಲ್ಲವಲ್ಲ ಎಂದು ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು, ಇವರೇನು ಇಷ್ಟು ಖುಷಿ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದು ಅಷ್ಟೇ. ಮುಂದಿನವಳ ತೋಳಿಗೆ ಪಟ್ಟಿ ಕಟ್ಟಿದೆ, ಮರೆತೆ.

ಆ ಅತ್ತೆ ಸೊಸೆ ಅರ್ಥ ಮಾಡಿಕೊಂಡದ್ದು ಬೇರೆಯೇ. ಕಂಟ್ರೋಲ್ ಎಂದರೆ ಸಕ್ಕರೆ ಕಂಟ್ರೋಲ್‌ಗೆ ಬಂದಿದೆ! ಹೌದಲ್ಲ, ಸಕ್ಕರೆ ಕಾಯಿಲೆ ಇರುವ ಮನೆಗಳಲ್ಲಿ ದಿನ ಬೆಳಗಾದರೆ ಆಡುವ ಮಾತೇ ಅದು. ಶುಗರ್ ಹೇಗಿದೆ ಎಂದು ಒಬ್ಬರು, ಕಂಟ್ರೋಲ್‌ನಲ್ಲಿದೆ ಎಂದು ಇನ್ನೊಬ್ಬರು. ಆಸ್ಪತ್ರೆಯ ಸಿಸ್ಟರೇ ಬಾಯಿಬಿಟ್ಟು ನೀನು ಕಂಟ್ರೋಲ್ ಎಂದರೆ, ಮೇಲೆ ಕಡತಕ್ಕೆ ಹಸಿರು ಚೀಟಿಯನ್ನೂ ಅಂಟಿಸಿದರೆ, ಯಾರು ತಾನೇ ಬೇರೆ ಅರ್ಥ ಮಾಡಿಕೊಳ್ಳುತ್ತಾರೆ? ಇದು ನಮಗೆ ಹೊಳೆಯಲೇ ಇಲ್ಲ. ಹಗಲಿಡೀ ಅದೇ ಪದವನ್ನು ನಮ್ಮ ಅರ್ಥದಲ್ಲಿ ಬಳಸಿ ಬಳಸಿ ಅದಕ್ಕೆ ಇನ್ನೊಂದು ಅರ್ಥ ಇದೆ ಎಂಬುದೇ ನಮಗೆ ಮರೆತುಹೋಗಿತ್ತು.

ಹೊರರೋಗಿ ವಿಭಾಗದಲ್ಲಾದರೂ ಯಾರಾದರೂ ಹಿಡಿಯಬಾರದಿತ್ತೇ? ಅಲ್ಲಿ ತಿಂಗಳಿಗೊಬ್ಬ ಹೊಸ ಡಾಕ್ಟರು. ಮುಂದೆ ಮುಗಿಯದ ಸಾಲು. "ಶುಗರ್ ಹೇಗಿದೆಯಮ್ಮ?" "ಕಂಟ್ರೋಲ್‌ನಲ್ಲಿದೆ ಡಾಕ್ಟ್ರೇ." ಕಡತದ ಮೇಲೆ ನೋಡಿದರೆ ಹಸಿರು ಚೀಟಿ, ಕಂಟ್ರೋಲ್. ಸರಿ, ಮುಂದಿನವರು. ಇಷ್ಟು ಓದಿದ ಡಾಕ್ಟರಿಗೇ ಆ ಚೀಟಿ ಸಕ್ಕರೆಯ ಲೆಕ್ಕ ಎಂದು ಕಂಡರೆ ಜೆರಾಕ್ಸಮ್ಮನನ್ನು ಏನೆನ್ನುವುದು! ಮೊದಲ ಪರೀಕ್ಷೆಯ ಫಲ ಆಸ್ಪತ್ರೆಯಲ್ಲೇ ಸಿಗುತ್ತಿತ್ತು; ಗುಂಪಿಗೆ ಸೇರಿದ ಮೇಲೆ ನಾನು ತೆಗೆದ ರಕ್ತವೋ, ಊರಾಚೆಯ ಲ್ಯಾಬಿಗೆ ಹೋಗಿ, ಅಲ್ಲಿಂದ ಅಂಕಿಗಳು ನೇರವಾಗಿ ಲೆಕ್ಕ ಹಾಕುವವರ ಕಂಪ್ಯೂಟರಿಗೆ ಹೋಗುತ್ತಿದ್ದವು. ನಡುವೆ ನಾವು ನೋಡುವಂತಿಲ್ಲ, ಅದು ನಿಯಮ. ತೀರಾ ಅಪಾಯದ ಗೆರೆ ದಾಟಿದರೆ ಮಾತ್ರ ಲ್ಯಾಬಿನಿಂದ ಫೋನ್ ಬರುತ್ತಿತ್ತು. ಅವಳದು ಆ ಗೆರೆಯ ಕೆಳಗೇ ಇತ್ತು, ಕೆಟ್ಟದ್ದೇ, ಆದರೆ ಕೆಳಗೆ.

ಹೀಗೇ ಒಂದು ದಿನ ದೊಡ್ಡ ಮೇಡಂ ಕೇಕ್ ಹಿಡಿದುಕೊಂಡು ಬಂದರು. ಸಕ್ಕರೆ ಕಾಯಿಲೆಯ ಕೋಣೆಗೆ ಕೆನೆ ಹಾಕಿದ ಕೇಕ್! ನಡು ಅವಧಿಯ ಲೆಕ್ಕ ಬಂದಿತ್ತಂತೆ. ಫೋನ್ ಗುಂಪಿನವರ ಸಕ್ಕರೆ ಇಳಿದಿದೆ, ಕಂಟ್ರೋಲ್ ಗುಂಪಿನವರದು ಏರಿದೆ, ಎರಡರ ನಡುವೆ ಯಾರೂ ಊಹಿಸದಷ್ಟು ಅಂತರ.

"ಇಷ್ಟು ಚೆನ್ನಾಗಿ ಬರತ್ತೆ ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಸಿಸ್ಟರ್. ದೊಡ್ಡ ಸಮ್ಮೇಳನದಲ್ಲಿ ಓದೋಣ ಇದನ್ನ" ಎಂದರು ಮೇಡಂ. ಒಳ್ಳೆಯವರು, ನಮ್ಮನ್ನು ಹೊಗಳುವುದಕ್ಕೂ ಮರೆಯಲಿಲ್ಲ. ಸಿಸ್ಟರ್ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ಎರಡು ತುಂಡು ಕೇಕ್ ತಿಂದಳು. ನಾನೂ ತಿಂದೆ.

ಸಮ್ಮೇಳನಕ್ಕೆ ಕಳಿಸಬೇಕಾದ ಕಾಗದಗಳ ಪ್ರತಿ ಬೇಕಿತ್ತು. ಮಧ್ಯಾಹ್ನ ನಾವಿಬ್ಬರೂ ರಸ್ತೆ ದಾಟಿ ಜೆರಾಕ್ಸ್ ಅಂಗಡಿಗೆ ಹೋದೆವು. ಹುಡುಗಿ ಕುರ್ಚಿಯಲ್ಲಿ ಕೂತಿದ್ದಳು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಮುಚ್ಚಿಹೋಗಿತ್ತು. ಹೊಟ್ಟೆ ತಿಂಗಳಿಗೆ ಮೀರಿ ಬೆಳೆದಿತ್ತು. ಕೈಯಲ್ಲಿ ಕಿತ್ತಳೆ ಬಣ್ಣದ ಜ್ಯೂಸಿನ ದೊಡ್ಡ ಬಾಟಲಿ. ಪಕ್ಕದಲ್ಲಿ ಕೆನೆ ಬಿಸ್ಕತ್ತಿನ ಪೊಟ್ಟಣ, ಅರ್ಧ ಖಾಲಿ.

ಸಿಸ್ಟರ್ ಕೈಯಲ್ಲಿದ್ದ ಕಾಗದವೆಲ್ಲ ಕೆಳಗೆ ಬಿತ್ತು. "ಏಯ್! ಏನ್ ಕುಡೀತಿದೀಯ ನೀನು? ಯಾರೇ ಕೊಟ್ಟಿದ್ದು ಇದನ್ನ ನಿಂಗೆ?"

ರಸ್ತೆಯಲ್ಲಿ ಹೋಗುವವರೆಲ್ಲ ನಿಂತರು. ಹುಡುಗಿ ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಜೆರಾಕ್ಸಮ್ಮ ಮಾತ್ರ ಹೆದರಲಿಲ್ಲ, ನಕ್ಕರು.

"ನಾನೇ ಕೊಟ್ಟಿದ್ದು ಸಿಸ್ಟರಮ್ಮ. ಬಸುರಾದಾಗಿಂದ ಪಾಪ, ಹೆದ್ರಿ ಬಾಯಿ ಕಟ್ಟಿದ್ಲು. ಈಗ ನೀವೇ ಕಂಟ್ರೋಲ್ ಅಂದ್ರಲ್ಲ. ಬಸುರಿ ಹುಡುಗಿ, ಆಸೆ ಇರಲ್ವಾ? ತಿನ್ಲಿ ಅಂತ ತಂದ್ಕೊಟ್ಟೆ."

"ನಾನು ಯಾವಾಗಮ್ಮ ಅಂದೆ?"

"ಅಂದ್ರಲ್ಲ! ಎರಡೆರಡು ಸಲ ಅಂದ್ರಿ. ನೀನು ಕಂಟ್ರೋಲ್, ಹೋಗು ಅಂತ. ಚೀಟಿನೂ ಅಂಟ್ಸಿದ್ರಿ. ನಮ್ಮ ಹಿಂದೆ ಬೆಂಚಲ್ಲಿ ಕೂತಿದ್ರಲ್ಲ, ಅವ್ರಿಗೂ ನಾನೇ ಹೇಳ್ದೆ, ಹಸಿರು ಚೀಟಿ ಬಂದ್ರೆ ಕಂಟ್ರೋಲ್‌ಗೆ ಬಂತು ಅಂತ, ಹೆದರ್ಬೇಡಿ ಅಂತ."

"ಮಾತ್ರೆ?"

"ಕಂಟ್ರೋಲ್‌ಗೆ ಬಂದ್ಮೇಲೆ ಮಾತ್ರೆ ಯಾಕೆ? ಸುಮ್ನೆ ಉಷ್ಣ ಅಂತ ನಾನೇ ಬೇಡ ಅಂದೆ."

  ಬೆಳಗ್ಗೆ ನಾವು ಕೇಕ್ ತಿಂದು ಸಂಭ್ರಮಿಸಿದ ಅಷ್ಟು ದೊಡ್ಡ ಅಂತರ ಎಲ್ಲಿಂದ ಬಂತು ಎಂಬುದು ಒಂದೇ ಏಟಿಗೆ ತಿಳಿಯಿತು. ನಮ್ಮ ಫೋನು ಫೋನ್ ಗುಂಪಿಗೆ ಎಷ್ಟು ಒಳ್ಳೆಯದು ಮಾಡಿತೋ ಗೊತ್ತಿಲ್ಲ, ನಮ್ಮ ಒಂದು ಪದ ಕಂಟ್ರೋಲ್ ಗುಂಪನ್ನು ಮಾತ್ರ ಚೆನ್ನಾಗಿ ಕೆಡಿಸಿತ್ತು. ಸಿಸ್ಟರ್ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಮಗು ಆಡ್ತಿದೆಯಾ? ಆಡ್ತಿದೆಯಾ ಇಲ್ವಾ ಹೇಳು!" "ಬೆಳಗ್ಗೆಯಿಂದ ಸ್ವಲ್ಪ ಕಮ್ಮಿ" ಎಂದಳು ಹುಡುಗಿ. ಅಂಗಡಿಗೆ ಬಾಗಿಲೂ ಹಾಕದೆ ನಾಲ್ವರೂ ರಸ್ತೆ ದಾಟಿದೆವು.

ಸ್ಕ್ಯಾನಿನಲ್ಲಿ ಮಗುವಿನ ಎದೆ ಬಡಿತ ಕೇಳಿಸಿದಾಗ ಹೋದ ಜೀವ ಬಂತು. ಆದರೆ ಮಗು ತಿಂಗಳಿಗೆ ಮೀರಿ ದಪ್ಪ, ಸುತ್ತ ನೀರೂ ಹೆಚ್ಚು. ಅವಳನ್ನು ವಾರ್ಡಿಗೆ ಸೇರಿಸಿ ಇನ್ಸುಲಿನ್ ಶುರು ಮಾಡಿದರು. ಹೊರಗೆ ಜೆರಾಕ್ಸಮ್ಮನಿಗೆ ಕಂಟ್ರೋಲ್ ಎಂದರೆ ಏನು ಎಂದು ನಾನೇ ಬಿಡಿಸಿ ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ತಲೆ ತಲೆ ಚಚ್ಚಿಕೊಂಡರು. "ನನ್ನ ಕೈಯಾರೆ ಕುಡಿಸ್ದೆನಲ್ಲೇ. ಅವ್ಳು ಸಾಕು ಅಂದ್ರೂ ಬಿಡದೆ ಕುಡಿಸ್ದೆನಲ್ಲ" ಎಂದು ಅಳತೊಡಗಿದರು. ಏನು ಸಮಾಧಾನ ಹೇಳುವುದು? ಅವರ ತಪ್ಪೇನು, ಒಬ್ಬರ ಮಾತು ನಂಬಿದ್ದೇ? ನನಗೆ ಸಿಸ್ಟರ್ ಮೇಲೆ ಸಿಟ್ಟು ಬಂತು, ಆ ಪದದ ಮೇಲೆ ಬಂತು, ಚೀಟಿಯ ಬಣ್ಣದ ಮೇಲೂ ಬಂತು.

ಸಿಸ್ಟರ್ ನೇರವಾಗಿ ದೊಡ್ಡ ಮೇಡಂ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ನಡೆದದ್ದನ್ನು ಸುತ್ತಿ ಬಳಸದೆ ಹೇಳಿದಳು, ಮೂಗೊರೆಸಿಕೊಳ್ಳುತ್ತಾ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಜನ ಹೀಗೆ ತಿಳ್ಕೊಂಡಿರಬಹುದು?"

"ಗೊತ್ತಿಲ್ಲ ಮೇಡಂ."

"ಎಲ್ರಿಗೂ ಈಗಲೇ ಫೋನ್ ಮಾಡಿ. ಕಂಟ್ರೋಲ್ ಗುಂಪಿನ ಒಬ್ರನ್ನೂ ಬಿಡ್ಬೇಡಿ."

ನಾನು ಬಾಯಿ ತಪ್ಪಿ ಕೇಳಿಬಿಟ್ಟೆ. "ಫೋನ್ ಮಾಡಿದ್ರೆ ಅವರೂ ಫೋನ್ ಗುಂಪೇ ಆದ್ರಲ್ಲ ಮೇಡಂ?"

ಮೇಡಂ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಮೇಲೆ ನಕ್ಕುಬಿಟ್ಟರು, ಅಳುವ ಹಾಗೆ. "ಆಗ್ಲಿ. ಹೋಲಿಸೋದಕ್ಕೆ ಇನ್ನೇನು ಉಳಿದಿದೆ? ಸಂಶೋಧನೆಗೆ ಒಪ್ಪಿಗೆ ಕೊಟ್ಟ ಸಮಿತಿಗೆ ನಾನು ಬರೀತೀನಿ. ಸಮ್ಮೇಳನ ಹಾಳಾಗ್ಲಿ, ನೀವು ಮೊದ್ಲು ಫೋನ್ ಮಾಡಿ ಹೋಗಿ" ಎಂದರು. ವರ್ಷಗಟ್ಟಲೆಯ ಕೆಲಸ ಮಣ್ಣುಪಾಲಾಯಿತು, ಅವರು ಅದಕ್ಕೆ ಒಂದು ಮಾತೂ ನಮ್ಮನ್ನು ಅನ್ನಲಿಲ್ಲ. ಅಂದಿದ್ದರೆ ಸಿಸ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

ಆ ಫೋನ್ ಕರೆಗಳ ಗೋಳು ಕೇಳಬೇಡಿ. ಒಂದು ಮನೆಯಲ್ಲಿ ಮಾತ್ರೆ ನಿಲ್ಲಿಸಿದ್ದರು. ಇನ್ನೊಂದು ಮನೆಯಲ್ಲಿ ಕಂಟ್ರೋಲ್ ಬಂದ ಖುಷಿಗೆ ಐಸ್‌ಕ್ರೀಮ್ ಡಬ್ಬವನ್ನೇ ತಂದಿಟ್ಟಿದ್ದರು. ಒಬ್ಬಳು ಮೇಷ್ಟ್ರಮ್ಮ, "ಕಂಟ್ರೋಲ್ ಗುಂಪು ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ? ನಾನು ಸರಿಯಾಗೇ ಇದೀನಿ. ನನ್ನನ್ನೇನು ದಡ್ಡಿ ಅನ್ಕೊಂಡ್ರಾ?" ಎಂದು ಸಿಸ್ಟರಿಗೇ ಬೈದಳು. ಗುಡುಗು ಸಿಸ್ಟರ್ "ಇಲ್ಲಮ್ಮ, ಹಾಗಲ್ಲಮ್ಮ" ಎನ್ನುತ್ತಾ ಕೂತಿದ್ದಳು, ಹೌದು, ಕುರ್ಚಿಯಲ್ಲಿ ಕೂತಿದ್ದಳು. ಒಬ್ಬೊಬ್ಬರಿಗೂ ಬಿಡಿಸಿ ಬಿಡಿಸಿ ಹೇಳುವಷ್ಟರಲ್ಲಿ ಆಕೆಯ ಗಂಟಲು ಕಟ್ಟಿತು.

ಹುಡುಗಿಗೆ ದಿನ ತುಂಬುವ ಮುಂಚೆಯೇ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು ಮಗು. ದುಂಡಗೆ, ಕೆಂಪಗೆ, ನೋಡಿದವರಿಗೆ ಬಲು ಆರೋಗ್ಯ ಎನ್ನಿಸುವಂಥ ಮಗು. ಆದರೆ ಉಸಿರಾಟಕ್ಕೆ ಕಷ್ಟಪಡುತ್ತಿತ್ತು. ತಾಯಿಯ ಸಕ್ಕರೆಗೆ ಒಗ್ಗಿಹೋಗಿದ್ದ ಮೈಗೆ ಅದು ಒಮ್ಮೆಲೇ ನಿಂತು ರಕ್ತದಲ್ಲಿ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಪುಟ್ಟ ಕೈಗೆ ಗ್ಲುಕೋಸ್ ಹಾಕಿದರು, ಹೊತ್ತು ಹೊತ್ತಿಗೆ ಹಿಮ್ಮಡಿ ಚುಚ್ಚಿ ನೋಡಿದರು. ಬೆಳಗ್ಗೆ ನಮ್ಮ ಕೆಲಸ ಮುಗಿಸಿ ನಾನು ಹೋಗಿ ನೋಡಿದರೆ ಗಾಜಿನ ಆಚೆ ಒಬ್ಬರು ನಿಂತಿರುತ್ತಿದ್ದರು, ಜೆರಾಕ್ಸಮ್ಮ. ಈಚೆ ಇನ್ನೊಬ್ಬರು, ನಮ್ಮ ಸಿಸ್ಟರ್.  ಲಾರಿಯಲ್ಲಿ ಹೋಗಿದ್ದ ಮಗ ಬಂದು, ಬೈಯುವುದೋ ಬೇಡವೋ ಗೊತ್ತಾಗದೆ, ಇಬ್ಬರಿಗೂ ಟೀ ತಂದುಕೊಟ್ಟು ಮತ್ತೆ ಹೊರಗೆ ಹೋಗಿ ನಿಲ್ಲುತ್ತಿದ್ದ.

ಆ ದಿನಗಳಲ್ಲಿ ನಮ್ಮ ಕೋಣೆ ಎಷ್ಟು ಸಪ್ಪೆ ಎನ್ನುತ್ತೀರಿ! ಟೀ ಬಿಸ್ಕತ್ತು ತಿಂದು ಬಂದವರಿಗೂ ಬೈಗುಳವಿಲ್ಲ. "ನಾಳೆ ಬಾಮ್ಮ, ನೀರು ಬಿಟ್ಟು ಏನೂ ಬಾಯಿಗೆ ಹಾಕ್ಬೇಡ" ಎಂದು ಸಣ್ಣ ದನಿಯಲ್ಲಿ ಹೇಳುವುದು, ಸುಮ್ಮನಾಗುವುದು. ಇವಳ ಬಾಯಿಗೆ ಒಂದು ದಿನವಾದರೂ ಬೀಗ ಬೀಳಲಿ ಎಂದು ಎಷ್ಟೋ ಸಲ ಬಯಸಿದವಳು ನಾನು. ಬಿದ್ದ ಮೇಲೆ ನನಗೇ ತಡೆಯಲಾಗಲಿಲ್ಲ.

ಕೊನೆಗೊಂದು ದಿನ ಮಗುವನ್ನು ಪೆಟ್ಟಿಗೆಯಿಂದ ತೆಗೆದು ತಾಯಿಯ ಮಡಿಲಿಗೆ ಹಾಕಿದರು. ಸುದ್ದಿ ತಿಳಿದು ನಾವಿಬ್ಬರೂ ವಾರ್ಡಿಗೆ ಓಡಿದೆವು. ಮಗು ಹಾಲು ಕುಡಿಯುತ್ತಿತ್ತು, ಸದ್ದು ಮಾಡಿಕೊಂಡು. ಜೆರಾಕ್ಸಮ್ಮ ಸಿಸ್ಟರ್ ಕೈ ಹಿಡಿದುಕೊಂಡು ನಗುತ್ತಾ ಅಳುತ್ತಾ ಏನೇನೋ ಮಾತಾಡಿದರು. ಸಿಟ್ಟು ಸೆಡವು ಏನೂ ಇರಲಿಲ್ಲ. ನೀವು ಆವತ್ತು ಅಂಗಡಿಗೆ ಬರದೇ ಇದ್ದಿದ್ದರೆ ಎಂದು ಸಿಸ್ಟರನ್ನೇ ಹೊಗಳಿದರು. ಸಿಸ್ಟರ್ ಅವರ ಕೈ ಬಿಡಿಸಿಕೊಂಡು ಹಾಸಿಗೆಯ ಪಕ್ಕ ಬಂದಳು. ದಾರಿಯುದ್ದಕ್ಕೂ ಬಾಯಲ್ಲಿ ಅಂದುಕೊಂಡು ಬಂದಿದ್ದ ಮಾತು ನನಗೆ ಗೊತ್ತಿತ್ತು.

"ನಂದೇ ತಪ್ಪಮ್ಮ. ಆ ಹಾಳು ಪದ ಹೇಳ್ಬಾರ್ದಿತ್ತು. ಅದಕ್ಕೆ ಎರಡು ಅರ್ಥ ಇದೆ ಅಂತ ನಂಗೆ ಹೊಳೀಲಿಲ್ಲ. ನಿಂಗೂ ಹೊಳೀಲಿಲ್ಲ, ನೀನು ಏನ್ ಮಾಡ್ತೀಯ."

ಹುಡುಗಿ ಮಗುವಿನ ತಲೆ ನೇವರಿಸಿದಳು. ಬೈಯುವ ಹುಡುಗಿಯಲ್ಲ ಅವಳು, ಕುಟುಕುವವಳೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನಂಗೆ ಹೊಳೀತು ಸಿಸ್ಟರ್. ಬೆಳಗ್ಗೆ ಅಷ್ಟಿದ್ದ ಶುಗರ್ ಒಂದೇ ಗಂಟೇಲಿ ಹೇಗೆ ಕಂಟ್ರೋಲ್‌ಗೆ ಬರತ್ತೆ ಅಂತ ಅನುಮಾನ ಬಂತು. ಇನ್ನೊಂದ್ಸಲ ಕೇಳೋಣ ಅಂತ ಬಾಗಿಲವರೆಗೂ ವಾಪಸ್ ಬಂದಿದ್ದೆ. ನೀವು ಒಳಗೆ ಯಾರಿಗೋ ಬೈತಿದ್ರಿ. ಭಯ ಆಯ್ತು, ಹೋಗ್ಬಿಟ್ಟೆ."

  ಸಿಸ್ಟರ್ ಮಂಚದ ಕಬ್ಬಿಣ ಹಿಡಿದುಕೊಂಡು ನಿಂತಳು, ಆಮೇಲೆ ಕೈ ತೊಳೆಯುವ ತೊಟ್ಟಿಯ ಕಡೆ ಹೋಗಿ ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯತೊಡಗಿದಳು. ಸಿಸ್ಟರ್, ಯಾರಿಗಾದರೂ ಒಂದು ಬೈಯಿರಿ, ನನಗಾದರೂ ಬೈಯಿರಿ ಎಂದು ಹೇಳಬೇಕೆನ್ನಿಸಿತು.  ಬೆನ್ನ ಹಿಂದೆ ಹೋಗಿ ನಲ್ಲಿ ನಿಲ್ಲಿಸಿದೆ.